8 ಅಕ್ಷರದ ‘ಪ್ರಮೋಟೆಡ್’, 240 ಸಂಖ್ಯೆಯ ‘ಉತ್ತೀರ್ಣ’

ಇಯರ್‌ಫೋನ್ ಹಾಕ್ಕೊಂಡು ಕೇಳ್ತಿರೋರು ವಾಲ್ಯೂಮ್ ಸ್ವಲ್ಪ ಕಮ್ಮಿ ಮಾಡ್ಕೊಳ್ಳಿ. ಈ ಸಂಚಿಕೆ ಒಂದು ಕರ್ಕಶ ಶಬ್ದದಿಂದ ಶುರುವಾಗುತ್ತೆ. ಓದ್ತಿರೋರು ಊಹಿಸ್ಕೊಳ್ಳಿ: ತಗಡಿನ ಮೇಲೆ ಗರಗಸ ಎಳೆದ ಹಾಗೆ ಝುರ್ರ್, ಒಂದು ಕ್ಷಣ ಸುಮ್ಮನೆ, ಮತ್ತೆ ಝುರ್ರ್. ಬ್ಯಾಂಕಿನಲ್ಲಿ ಪಾಸ್‌ಬುಕ್ ಎಂಟ್ರಿ ಮಾಡಿಸಿದ್ದರೆ ಈ ಶಬ್ದ ನಿಮಗೆ ಗೊತ್ತು. ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರ್.

ನಾನು ಈ ಶಬ್ದ ರೆಕಾರ್ಡ್ ಮಾಡಿದ್ದು ಚೌಡಾಪುರದಲ್ಲಿ, ನಮ್ಮ ಸೋದರಮಾವನ ಮನೆ ಪಡಸಾಲೆಯಲ್ಲಿ. ಕಲಬುರಗಿಯಿಂದ ಅಫಜಲಪುರ ಕಡೆ ಬಸ್ ಹತ್ತಿದೋರಿಗೆ, ಗಾಣಗಾಪುರಕ್ಕೆ ದತ್ತನ ದರ್ಶನಕ್ಕೆ ಹೋಗೋರಿಗೆ ನಮ್ಮೂರು ಗೊತ್ತಿರುತ್ತೆ. ಅಲ್ಲಿ ಮಾಮಾನ ಅಟ್ಟದ ಮೇಲೆ, ಜೋಳದ ಚೀಲಗಳ ಹಿಂದೆ, ಹಳೇ ಧೋತ್ರದಲ್ಲಿ ಸುತ್ತಿಟ್ಟ ಒಂದು ಕಂಪ್ಯೂಟರ್ ಇತ್ತು. ಬಿಸ್ಕತ್ತಿನ ಬಣ್ಣದ ಡಬ್ಬಿ, ಮೇಲೇ ಕೀಬೋರ್ಡ್, ಅದರ ತುದಿಗೆ ಕೆಂಪು ಗುಂಡಿಗಳ ಸಾಲು. ಬಿಬಿಸಿ ಮೈಕ್ರೋ.

ಹೆಸರು ಕೇಳಿಲ್ಲವಾ? ಪರವಾಗಿಲ್ಲ, ನಾನೂ ಕೇಳಿರಲಿಲ್ಲ. ನಾನು ಓದಿದ್ದು ಬಿಕಾಂ, ನನಗೆ ಗೊತ್ತಿದ್ದ ಹಳೇ ಕಂಪ್ಯೂಟರ್ ಅಂದ್ರೆ ಟ್ಯಾಲಿ ಹಾಕಿದ ವಿಂಡೋಸ್ ಎಕ್ಸ್‌ಪಿ. ಆದರೆ ಒಂದು ಮಾತು ಹೇಳಿದ್ರೆ ನಿಮಗೆ ಆಸಕ್ತಿ ಬರಬಹುದು. 1981ರ ಡಿಸೆಂಬರ್‌ನಲ್ಲಿ ಬ್ರಿಟನ್ನಿನಲ್ಲಿ ಈ ಕಂಪ್ಯೂಟರ್ ಹೊರಗೆ ತಂದದ್ದು ಕೇಂಬ್ರಿಜ್‌ನ ಏಕಾರ್ನ್ ಅನ್ನೋ ಸಣ್ಣ ಕಂಪನಿ. ಅದನ್ನ ರೂಪಿಸಿದವರಲ್ಲಿ ಮುಖ್ಯರಾದ ಸೋಫಿ ವಿಲ್ಸನ್ ಮತ್ತು ಸ್ಟೀವ್ ಫರ್ಬರ್, ಅದಾದ ಮೇಲೆ ಮಾಡಿದ ಹೊಸ ಚಿಪ್ಪಿನ ಹೆಸರು ಎಆರ್‌ಎಂ. ಮೊದಲ ಚಿಪ್ ಅವರ ಕೈಗೆ ಬಂದದ್ದು 1985ರ ಏಪ್ರಿಲ್ 26ಕ್ಕೆ. ಈಗ ನಿಮ್ಮ ಕೈಲಿರೋ ಫೋನಲ್ಲಿ ಸ್ನಾಪ್‌ಡ್ರಾಗನ್ ಇರಲಿ, ಮೀಡಿಯಾಟೆಕ್ ಇರಲಿ, ಒಳಗೆ ನಡೀತಿರೋದು ಆ ಎಆರ್‌ಎಂ ವಂಶದ ಲೆಕ್ಕವೇ. ಅಂದ್ರೆ ಅಟ್ಟದ ಮೇಲಿದ್ದದ್ದು ನಿಮ್ಮ ಫೋನಿನ ಅಜ್ಜನ ಮನೆಯವರು.

ಬ್ರಿಟಿಷ್ ಡಬ್ಬಿ ಕಲಬುರಗಿ ಕಡೆಗೆ ಹೇಗೆ ಬಂತು? 1984-85ರಲ್ಲಿ ಭಾರತ ಸರ್ಕಾರ ‘ಕ್ಲಾಸ್’ ಅಂತ ಒಂದು ಯೋಜನೆ ಶುರು ಮಾಡಿತು. ಕಂಪ್ಯೂಟರ್ ಲಿಟರಸಿ ಅಂಡ್ ಸ್ಟಡೀಸ್ ಇನ್ ಸ್ಕೂಲ್ಸ್, ಅದರ ಮೊದಲಕ್ಷರಗಳು. ದೇಶದ ಸುಮಾರು 250 ಶಾಲೆಗಳಲ್ಲಿ ಪ್ರಯೋಗ ಆರಂಭ, ಆಮೇಲೆ ಇನ್ನಷ್ಟು ಶಾಲೆಗಳಿಗೆ ವಿಸ್ತರಣೆ. ಅದಕ್ಕೆ ಆರಿಸಿದ ಯಂತ್ರ ಬಿಬಿಸಿ ಮೈಕ್ರೋ. 32 ಕಿಲೋಬೈಟ್ ಮೆಮೊರಿ. ನೀವು ವಾಟ್ಸಾಪ್‌ನಲ್ಲಿ ಕಳಿಸೋ ಗುಡ್ ಮಾರ್ನಿಂಗ್ ಹೂವಿನ ಚಿತ್ರ ಅದರೊಳಗೆ ಹಿಡಿಯಲ್ಲ. ಚಂಡೀಗಢದ ಪಕ್ಕದ ಮೊಹಾಲಿಯಲ್ಲಿದ್ದ ಸರ್ಕಾರಿ ಸೆಮಿಕಂಡಕ್ಟರ್ ಕಾಂಪ್ಲೆಕ್ಸ್ ಇದನ್ನೇ ‘ಯೂನಿಕಾರ್ನ್’ ಅಂತ ಇಲ್ಲಿ ಜೋಡಿಸುತ್ತಿತ್ತು. 1989ರಲ್ಲಿ ಆ ಕಾರ್ಖಾನೆಗೆ ಬೆಂಕಿ ಬಿತ್ತು. ಚಿಪ್ ಬಗ್ಗೆ ಈಗ ಇಷ್ಟೊಂದು ಮಾತಾಡ್ತೀವಲ್ಲ, ಆ ಬೆಂಕಿಯ ಕಥೆಗೇ ಒಂದು ಸಂಚಿಕೆ ಬೇಕು. ಇವತ್ತು ಬಿಡೋಣ.

ಮಾಮಾ ಆಗ ಪಟ್ಟಣದ ಒಂದು ಹೈಸ್ಕೂಲಿನಲ್ಲಿ ವಿಜ್ಞಾನದ ಮಾಸ್ತರು, ಮೂವತ್ತರ ಆಸುಪಾಸು. ಕಂಪ್ಯೂಟರ್ ಬಂದಾಗ ಅದರ ಹತ್ತಿರ ಹೋಗೋಕೆ ಎಲ್ಲರಿಗೂ ಅಂಜಿಕೆ. ಇವರಿಗೆ ಮಾತ್ರ ಹುಚ್ಚು. ಮುಂದೆ ಅದನ್ನ ಶಾಲೆಯವರು ಗುಜರಿ ಲೆಕ್ಕಕ್ಕೆ ಹಾಕಿ ಹರಾಜು ಮಾಡಿದಾಗ, ಪ್ರಿಂಟರ್ ಇಲ್ಲದೆ, ಮಾನಿಟರ್ ಇಲ್ಲದೆ, ಬರೀ ಡಬ್ಬಿ ಕೊಂಡು ತಂದು ಧೋತ್ರದಲ್ಲಿ ಸುತ್ತಿಟ್ಟರು. ಮೊನ್ನೆ ನಾನು ಕೆಳಗಿಳಿಸಿದಾಗ ಅಂದ್ರು: “ಒಗಿಬ್ಯಾಡ ತಮ್ಮಾ. ಅದು ಸತ್ತಿಲ್ಲ, ಮಲ್ಕೊಂಡದ.”

ನಾನು ಅವಸರದಲ್ಲಿ ನೇರ ಕರೆಂಟ್ ಕೊಟ್ಟೆ. ಹತ್ತು ನಿಮಿಷ ಚಂದ ನಡೀತು, ಆಮೇಲೆ ಟಪ್ ಅಂತ ಸದ್ದು, ಹೊಗೆ, ಮೀನು ಸುಟ್ಟ ಹಾಗೆ ವಾಸನೆ. ಈ ಯಂತ್ರಗಳ ಪವರ್ ಸಪ್ಲೈ ಒಳಗಿರೋ ಕೆಪಾಸಿಟರ್ ವಯಸ್ಸಾದ ಮೇಲೆ ಬಿರುಕು ಬಿಟ್ಟು ಒಡೆಯೋದು ಮಾಮೂಲಂತೆ. ಹಳೇ ಕಂಪ್ಯೂಟರ್ ಸಿಕ್ಕಿದರೆ ಮೊದಲು ಅದನ್ನ ಬದಲಾಯಿಸಿ, ಆಮೇಲೆ ಸ್ವಿಚ್ ಹಾಕಿ. ಕಲಬುರಗಿಯ ಟಿವಿ ರಿಪೇರಿಯವರು ಹೊಸದು ಹಾಕಿಕೊಟ್ಟರು. ಎರಡನೇ ಸಲ ‘ಬೀ...ಪ್’ ಅಂತ ಎದ್ದು ಕೂತಿತು.

ಇನ್ನು ಪ್ರಿಂಟರ್. ನಮ್ಮ ಕಡೆ ತೊಗರಿ ವ್ಯಾಪಾರದ ಅಂಗಡಿಗಳಲ್ಲಿ ಡಾಟ್ ಮ್ಯಾಟ್ರಿಕ್ಸ್ ಇನ್ನೂ ಬದುಕಿದೆ, ಕಾರಣ ಕಾರ್ಬನ್. ಅದು ಸೂಜಿಯಿಂದ ಹೊಡೆಯೋದರಿಂದ ಒಂದೇ ಸಲಕ್ಕೆ ಮೂರು ಪ್ರತಿ ಬರುತ್ತೆ. ಲೇಸರ್ ಪ್ರಿಂಟರಿಗೆ ಅದು ಆಗಲ್ಲ. ಪರಿಚಯದ ಅಡತಿ ಅಂಗಡಿಯವರು 9 ಸೂಜಿಯ ಹಳೇ ಪ್ರಿಂಟರ್ ಒಂದನ್ನ ಕೊಟ್ಟರು. ಬಿಬಿಸಿ ಮೈಕ್ರೋ ಹೊಟ್ಟೆಯ ಕೆಳಗೆ 26 ಪಿನ್ನಿನ ಸಾಕೆಟ್ ಇದೆ, ಪ್ರಿಂಟರ್ ಕಡೆ 36 ಪಿನ್ನಿಂದು. ಗಾತ್ರ ಬೇರೆ ಅಂತ ಗಾಬರಿಯಾದೆ. ಆದರೆ ಚಪ್ಪಟೆ ರಿಬ್ಬನ್ ಕೇಬಲ್ಲಿನ ಒಂದನೇ ತಂತಿಯನ್ನ ಎರಡೂ ಕಡೆ ಒಂದನೇ ಪಿನ್ನಿಗೆ ಹೊಂದಿಸಿ ಒತ್ತಿದರೆ ಸಾಕು, ಬೇಕಾದ ತಂತಿಗಳೆಲ್ಲ ತಾವಾಗೇ ಜಾಗಕ್ಕೆ ಕೂತ್ಕೊಳ್ತವೆ. ಎಂಟು ತಂತಿ ಸಂಖ್ಯೆಯನ್ನ ಹೊರುತ್ತವೆ. ಇನ್ನೊಂದು ತಂತಿ ‘ತಗೋ’ ಅನ್ನುತ್ತೆ, ಮತ್ತೊಂದು ‘ಸಿಕ್ಕಿತು, ಮುಂದಿನದು ಕೊಡು’ ಅನ್ನುತ್ತೆ. ಕಟ್ಟಡದ ಕೆಲಸದಲ್ಲಿ ಬುಟ್ಟಿ ದಾಟಿಸ್ತಾರಲ್ಲ, ಅದೇ.

ಮೊದಲ ಪ್ರಿಂಟಲ್ಲಿ ಹತ್ತು ಸಾಲು ಒಂದರ ಮೇಲೊಂದು ಹೊಡೆದು ಕಾಗದ ಹರಿದೇ ಹೋಯ್ತು. ನಾನು ಕೇಬಲ್ ಮೇಲೆ ಅನುಮಾನ ಪಟ್ಟೆ. ಮಾಮಾ ಖುರ್ಚಿಯಿಂದ ಏಳದೇ ಅಂದ್ರು, “ಸ್ಟಾರ್ ಎಫ್‌ಎಕ್ಸ್ 6,0 ಹೊಡಿ.” ಸಾಲು ಇಳಿಸು ಅನ್ನೋ ಸಂಕೇತದ ಸಂಖ್ಯೆ 10. ಆ 10 ಅನ್ನ ಪ್ರಿಂಟರಿಗೆ ಕಳಿಸಬೇಡ ಅಂತ ಬಿಬಿಸಿ ಮೈಕ್ರೋ ಹುಟ್ಟಿನಿಂದಲೇ ತೀರ್ಮಾನ ಮಾಡಿರುತ್ತೆ. ಆ ತೀರ್ಮಾನ ಬದಲಾಯಿಸೋ ಆಜ್ಞೆ ಅದು. ಮೂವತ್ತೈದು ವರ್ಷದ ಮೇಲೂ ಅವರಿಗೆ ನೆನಪಿತ್ತು. ಆಗ ಕೇಳಿದೆ: “ಮಾಮಾ, ಇಷ್ಟೆಲ್ಲಾ ಗೊತ್ತಿದ್ದೂ ಯಾಕ್ ಬಿಟ್ಟುಬಿಟ್ರಿ?”

ಅವರು ಒಳಗೆ ಹೋಗಿ ಒಂದು ಗ್ರಾಫ್ ಪುಸ್ತಕ ತಂದ್ರು. ಪುಟಪುಟದಲ್ಲೂ ಚೌಕ ತುಂಬಿ ಬರೆದ ಕನ್ನಡ ಅಕ್ಷರಗಳು. ಅಂಕಿಗಳು. ಒತ್ತಕ್ಷರಗಳು. ಆಮೇಲೆ ಅವರು ಹೇಳಿದ್ದನ್ನ ರೆಕಾರ್ಡ್ ಮಾಡಬೇಡ ಅಂದ್ರು, ಹೇಳಬಹುದು ಅಂದ್ರು. ಹಾಗಾಗಿ ನನ್ನ ಮಾತಲ್ಲಿ ಹೇಳ್ತೀನಿ.

ಅವರ ಶಾಲೆಯಲ್ಲಿ ಅಂಕಪಟ್ಟಿ ಅಲ್ಲಿಯವರೆಗೂ ಕೈಬರಹದಲ್ಲಿ, ಕನ್ನಡದಲ್ಲಿ ಇತ್ತು. ಕೊನೆಗೆ ‘ಉತ್ತೀರ್ಣ’ ಅಂತ ಬರೆದು ಸಹಿ. 1989ರ ಬೇಸಿಗೆಯಲ್ಲಿ ಮಾಮಾ ಹುರುಪಿನಿಂದ ಒಂದು ಪ್ರೋಗ್ರಾಮ್ ಬರೆದು ಒಂಬತ್ತನೇ ತರಗತಿಯ ಫಲಿತಾಂಶವನ್ನ ಕಂಪ್ಯೂಟರಿನಿಂದ ಪ್ರಿಂಟ್ ಹಾಕಿದರು. ಶಾಲೆಗೆಲ್ಲ ಹೆಮ್ಮೆ. ಪ್ರಿಂಟರಿಗೆ ಕನ್ನಡ ಬರ್ತಿರಲಿಲ್ಲ, ಆದ್ದರಿಂದ ಎಲ್ಲ ಇಂಗ್ಲಿಷ್. ಕೊನೆಗೆ ‘ಪ್ರಮೋಟೆಡ್’. ಪಕ್ಕದ ಹಳ್ಳಿಯ ಒಬ್ಬ ಹುಡುಗಿ ರಜೆಗೆ ಅಂತ ಸೋಲಾಪುರ ಕಡೆ ಅಜ್ಜಿ ಊರಿಗೆ ಹೋಗಿದ್ದಳು. ಅಪ್ಪ ಬಂದು ಚೀಟಿ ಒಯ್ದ. ಅವನಿಗೆ ಕನ್ನಡ ತಕ್ಕಮಟ್ಟಿಗೆ ಓದೋಕೆ ಬರ್ತಿತ್ತು, ಇಂಗ್ಲಿಷ್ ಇಲ್ಲ. ಪ್ರತಿ ವರ್ಷ ಕಾಣುತ್ತಿದ್ದ ಆ ಒಂದು ಪದ ಈ ಸಲ ಕಾಣಲಿಲ್ಲ. ಯಾರನ್ನಾದರೂ ಕೇಳೋಕೆ ನಾಚಿಕೆ. ಮಗಳು ಫೇಲು ಅಂದ್ಕೊಂಡ. ಜೂನ್‌ನಲ್ಲಿ ಹಾಜರಿ ಕೂಗುವಾಗ ಮಾಮಾಗೆ ಗೊತ್ತಾಯ್ತು, ಅವಳ ಲಗ್ನ ಅಲ್ಲೇ ಸೋಲಾಪುರ ಕಡೆ ಆಗಿಹೋಗಿತ್ತು.

“ಫೇಲಾಗಿದ್ರ ಬ್ಯಾರೆ ಮಾತು,” ಅಂದ್ರು ಮಾಮಾ. “ಆಕಿ ಪಾಸಾಗಿದ್ಲು.”

ಇಲ್ಲಿ ಸ್ವಲ್ಪ ಯಂತ್ರದ ವಿಷಯ ಹೇಳಲೇಬೇಕು, ಬೇಜಾರ್ ಮಾಡ್ಕೋಬೇಡಿ. ಪ್ರಿಂಟರಿಗೆ ಕನ್ನಡ ಬರ್ತಿರಲಿಲ್ಲ ಅಂದ್ರೆ ಏನು? ಆ ಕಾಲದ ಪ್ರಿಂಟರಿನೊಳಗೆ ಒಂದು ಸಣ್ಣ ಚಿಪ್ಪಿನಲ್ಲಿ ಇಂಗ್ಲಿಷ್ ಅಕ್ಷರಗಳ ಚಿತ್ರ ಮೊದಲೇ ತುಂಬಿರುತ್ತೆ. ಕಂಪ್ಯೂಟರ್ 65 ಅಂತ ಒಂದು ಸಂಖ್ಯೆ ಕಳಿಸಿದರೆ ಪ್ರಿಂಟರ್ ತಾನೇ ‘ಎ’ ಬರೆಯುತ್ತೆ. ‘ಪ್ರಮೋಟೆಡ್’ ಪದಕ್ಕೆ ಇಂಗ್ಲಿಷಿನಲ್ಲಿ 8 ಅಕ್ಷರ, 8 ಸಂಖ್ಯೆ, ಮುಗೀತು. ಕನ್ನಡದ ಅಕ್ಷರಕ್ಕೆ ಅಂಥ ಸಂಖ್ಯೆಯೇ ಆ ಪ್ರಿಂಟರಿಗೆ ಗೊತ್ತಿಲ್ಲ. ಚುಕ್ಕಿಚುಕ್ಕಿಯಾಗಿ ಚಿತ್ರ ಬಿಡಿಸಬೇಕು. ಪ್ರಿಂಟರಿನ ತಲೆ ಒಂದು ಸಲ ಸರಿದರೆ ಎಂಟು ಚುಕ್ಕಿ ಎತ್ತರದ ಪಟ್ಟಿ. ಇಂಗ್ಲಿಷಿಗೆ ಅಷ್ಟು ಸಾಕು. ನಮ್ಮ ‘ತ್ತೀ’ಗೆ ಮೇಲೆ ಗುಡಿಸು, ಪಕ್ಕಕ್ಕೆ ದೀರ್ಘ, ಕೆಳಗೆ ಒತ್ತು. ಮೂರು ಪಟ್ಟಿ ಬೇಕು, ಅಂದ್ರೆ ತಲೆ ಮೂರು ಸಲ ಓಡಬೇಕು, ನಡುವೆ ಕಾಗದ ಇಂಚಿನ 72 ಭಾಗದಲ್ಲಿ 8 ಭಾಗ ಮಾತ್ರ ಸರಿಯಬೇಕು, ಕೂದಲೆಳೆ ಹೆಚ್ಚಾದರೂ ಅಕ್ಷರ ಸೀಳುತ್ತೆ. ಮಾಮಾನ ಗ್ರಾಫ್‌ನಲ್ಲಿ ‘ಉತ್ತೀರ್ಣ’ 80 ಚೌಕ ಅಗಲ. 80 ಮೂರಲೆ 240. ಒಂದು ಪದಕ್ಕೆ 240 ಸಂಖ್ಯೆ, ಒಂದೊಂದನ್ನೂ ಕೈಯಲ್ಲಿ ಕೂಡಿಸಿ ಬರೆದಿದ್ದಾರೆ, ಹೊಡೆದುಹಾಕಿ ತಿದ್ದಿದ್ದೂ ಇದೆ.

ಇದು ಅವರೊಬ್ಬರ ಹೋರಾಟವಲ್ಲ. ಐಐಟಿ ಕಾನ್ಪುರದಲ್ಲಿ ಶುರುವಾಗಿ ಪುಣೆಯ ಸಿ-ಡ್ಯಾಕ್‌ನಲ್ಲಿ ಬೆಳೆದ ‘ಜಿಸ್ಟ್’ ಅನ್ನೋ ತಂತ್ರಜ್ಞಾನ ಭಾರತೀಯ ಲಿಪಿಗಳನ್ನ ಕಂಪ್ಯೂಟರಿಗೆ ತಂದಿತು. ಅದರ ಕಾರ್ಡನ್ನ ಪಿಸಿಯೊಳಗೆ ಸಿಕ್ಕಿಸಿದರೆ ಪರದೆಯಲ್ಲಿ ಕನ್ನಡ ಬರ್ತಿತ್ತು. ಅಕ್ಷರಗಳಿಗೆ ಸಂಖ್ಯೆ ಗೊತ್ತುಮಾಡುವ ‘ಇಸ್ಕಿ’ ರಾಷ್ಟ್ರೀಯ ಮಾನಕವಾದದ್ದು 1991ರಲ್ಲಿ. ಅದೇ ವರ್ಷ ಯೂನಿಕೋಡ್‌ನ ಮೊದಲ ಆವೃತ್ತಿಯಲ್ಲೂ ಕನ್ನಡ ಇತ್ತು. ಇನ್ನು ಕೆ.ಪಿ. ರಾವ್ ರೂಪಿಸಿದ ಕೀಲಿಮಣೆ ವಿನ್ಯಾಸ ಗೊತ್ತೇ ಇದೆ, ಕನ್ನಡ ಟೈಪ್ ಮಾಡೋರಲ್ಲಿ ಎಷ್ಟೋ ಜನ ಇವತ್ತಿಗೂ ಅದರ ಋಣದಲ್ಲಿದ್ದೀವಿ. ಆದರೆ ಇದೆಲ್ಲ ಪಿಸಿಗಳ ಲೋಕ. ಶಾಲೆಯ ಬಿಬಿಸಿ ಮೈಕ್ರೋಗೆ ಇದ್ಯಾವುದೂ ತಾಗಲಿಲ್ಲ. ‘ಕ್ಲಾಸ್’ ಯೋಜನೆ ಬಗ್ಗೆ ಆಗಲೇ ಇದ್ದ ದೊಡ್ಡ ದೂರು ಅದೇ, ಜೊತೆಗೆ ಬಂದ ಪಾಠದ ಸಾಫ್ಟ್‌ವೇರು ಬಹುಪಾಲು ಬ್ರಿಟನ್ನಿನದು, ಇಂಗ್ಲಿಷಿನದು. ಯಂತ್ರ ಕೊಟ್ಟವರು ಒಳ್ಳೇ ಮನಸ್ಸಿನಿಂದಲೇ ಕೊಟ್ಟಿರಬಹುದು. ಆದರೆ ಕೈಬರಹದ ಅಂಕಪಟ್ಟಿ ಕನ್ನಡದಲ್ಲಿತ್ತು, ಆಧುನಿಕವಾದ ಮೇಲೆ ಇಂಗ್ಲಿಷಿನದಾಯ್ತು. ನನಗೆ ಇದು ಮುಂದಕ್ಕೆ ಹೋಗಿದ್ದು ಅಂತ ಅನಿಸಲ್ಲ.

ಸರಿ, ಮಾಮಾನ ಪ್ರಯತ್ನ ಯಾಕೆ ಸೋತಿತು? ಗ್ರಾಫ್ ಪುಸ್ತಕದಲ್ಲೇ ಮಡಚಿಟ್ಟ ಒಂದು ಪ್ರಿಂಟ್ ಸಿಕ್ಕಿತು. ಅದರಲ್ಲಿ ಕನ್ನಡ ಇರೋ ಜಾಗದಲ್ಲಿ ‘ಕೆ’, ಆಮೇಲೆ ಅರ್ಥವಿಲ್ಲದ ಅಕ್ಷರಗಳ ಸಾಲು. ಮತ್ತೆ ‘ಕೆ’, ಮತ್ತೆ ಕಸ. ಪ್ರೋಗ್ರಾಮ್ ಒಂದು ಕ್ಯಾಸೆಟ್‌ನಲ್ಲಿತ್ತು, ವಚನಗಾಯನದ ಕ್ಯಾಸೆಟ್‌ನ ಹಿಂಬದಿಯಲ್ಲಿ. ಆ ಕಾಲದಲ್ಲಿ ಟೇಪ್ ರೆಕಾರ್ಡರೇ ಹಾರ್ಡ್ ಡಿಸ್ಕ್. ಸೊನ್ನೆಗೆ ಒಂದು ಸ್ವರ, ಒಂದಕ್ಕೆ ಅದರ ಎರಡರಷ್ಟು ಏರು ಸ್ವರ. ನಾಲ್ಕು ಸಲ ಹಾಕಿದೆ, ನಾಲ್ಕು ಸಲವೂ ಅರ್ಧಕ್ಕೆ ಬಂದು ‘ಡೇಟಾ?’ ಅಂತ ಪ್ರಶ್ನೆ ಹಾಕಿ ನಿಂತಿತು. ಟೇಪ್‌ಗೆ ಬೂಸ್ಟು ಹಿಡಿದಿತ್ತು. ಐದನೇ ಸಲ ಅದನ್ನ ಫೋನಿಗೆ ರೆಕಾರ್ಡ್ ಮಾಡಿ, ಶಬ್ದ ಸ್ವಲ್ಪ ಏರಿಸಿ, ಫೋನಿನಿಂದಲೇ ಬಿಬಿಸಿ ಮೈಕ್ರೋಗೆ ಕೇಳಿಸಿದೆ. ಒಪ್ಪಿಕೊಂಡಿತು! ಮೊಮ್ಮಗ ಅಜ್ಜನಿಗೆ ಕಥೆ ಓದಿ ಹೇಳಿದ ಹಾಗಾಯ್ತು.

ಪ್ರೋಗ್ರಾಮ್ ನೋಡಿದರೆ ತಪ್ಪು ಒಂದೇ. ಚಿತ್ರ ಬರೆಯೋ ಮುಂಚೆ ಪ್ರಿಂಟರಿಗೆ 27 ಅನ್ನೋ ಸಂಖ್ಯೆ, ಆಮೇಲೆ ‘ಕೆ’ ಕಳಿಸಬೇಕು. ‘ಇನ್ನು ಬರೋದು ಅಕ್ಷರವಲ್ಲ, ಚುಕ್ಕಿ’ ಅನ್ನೋ ಸೂಚನೆ ಅದು. ಮಾಮಾ ಕಳಿಸಿದ್ದರು. ಆದರೆ ಬಿಬಿಸಿ ಮೈಕ್ರೋ 27ರಂಥ ಗುಪ್ತ ಸಂಕೇತಗಳನ್ನ ಪ್ರಿಂಟರಿಗೆ ದಾಟಿಸಲ್ಲ, ನಡುವೆಯೇ ನುಂಗುತ್ತೆ. ದಾಟಿಸಬೇಕು ಅಂದ್ರೆ ಪ್ರತಿ ಸಂಖ್ಯೆಯ ಹಿಂದೆ ಒಂದು ‘1’ ಹಾಕಬೇಕು. ವಿಡಿಯು 1,27. ಅಷ್ಟೇ. 27 ಹೋಗದೇ ಇದ್ದಿದ್ದರಿಂದ ಪ್ರಿಂಟರ್ ‘ಕೆ’ಯನ್ನ ಅಕ್ಷರ ಅಂತಲೇ ತಿಳಿದು ಬರೆದಿತ್ತು. ಈ ವಿಷಯ ಯಂತ್ರದ ಜೊತೆ ಬಂದ ದಪ್ಪ ಪುಸ್ತಕದಲ್ಲಿದೆ. ಪುಸ್ತಕ ಎಲ್ಲಿತ್ತು? ಕಳೆದುಹೋದೀತು ಅಂತ ಶಾಲೆಯ ಕಪಾಟಿನಲ್ಲಿ ಬೀಗ ಹಾಕಿ ಇಟ್ಟಿದ್ದರು.

ಮಾಮಾಗೆ ಇದನ್ನ ಹೇಗೆ ಹೇಳಲಿ ಅಂತ ಆ ರಾತ್ರಿ ತುಂಬ ಯೋಚಿಸಿದೆ. ಹೇಳಿದ ಮೇಲೆ ಅವರು ಸುಮ್ಮನೆ ಕನ್ನಡಕ ಒರೆಸಿಕೊಂಡರು.

ಮಾರನೇ ದಿನ ಮಾತು ತಾವಾಗೇ ಮೋಡೆಮ್ ಕಡೆ ತಿರುಗಿಸಿದರು. ಅವರಿಗೆ ಇನ್ನೊಂದು ಕನಸಿತ್ತು. ಬ್ರಿಟನ್ನಿನಲ್ಲಿ ಜನ ಇದೇ ಬಿಬಿಸಿ ಮೈಕ್ರೋಗೆ ಫೋನ್ ತಂತಿ ಹಚ್ಚಿ ‘ಪ್ರೆಸ್ಟೆಲ್’ ಅನ್ನೋ ಸೇವೆಯಿಂದ ಸುದ್ದಿ ಓದ್ತಾರೆ ಅಂತ ಪತ್ರಿಕೆಯಲ್ಲಿ ಓದಿದ್ದರು. 1979ರಿಂದಲೇ ಇದ್ದ ಸೇವೆ. ಇಲ್ಲಿ ಎಸ್ಸೆಸ್ಸೆಲ್ಸಿ ಫಲಿತಾಂಶಕ್ಕೆ ಪೇಪರಿನಲ್ಲಿ ನಂಬರ್ ಹುಡುಕೋ ಕಾಲ. ಫೋನ್ ತಂತಿಯಲ್ಲಿ ಫಲಿತಾಂಶ ತರಿಸೋಣ ಅನ್ನೋದು ಇವರ ಆಸೆ. ಆದರೆ ಶಾಲೆಯ ಫೋನಿನ ಡಯಲ್ಲಿಗೇ ಬೀಗ. ಹೊರಗೂರಿಗೆ ಮಾತಾಡಬೇಕು ಅಂದ್ರೆ ಟ್ರಂಕ್ ಕಾಲ್ ಬುಕ್ ಮಾಡಿ ಕಾಯಬೇಕು. ಆರ್ಡಿನರಿ, ಅರ್ಜೆಂಟ್, ಲೈಟ್ನಿಂಗ್ ಅಂತ ದರ. ಆಪರೇಟರ್ ನಡುವೆ ಬಂದು ‘ಹಲೋ, ಮಾತಾಡ್ತಿದ್ದೀರಾ?’ ಅಂದ್ರೆ ಮೋಡೆಮ್ ಏನಂತ ಉತ್ತರ ಕೊಡಬೇಕು ಹೇಳಿ.

ಇದನ್ನ ಬದಲಾಯಿಸಿದ್ದರಲ್ಲಿ ನಮ್ಮ ಕರ್ನಾಟಕದ್ದೇ ಒಂದು ಊರಿನ ಹೆಸರಿದೆ: ಕಿತ್ತೂರು. 1984ರಲ್ಲಿ ಶುರುವಾದ ಸಿ-ಡಾಟ್ ಸಂಸ್ಥೆ ಹಳ್ಳಿಗಳಿಗಾಗಿ ಮಾಡಿದ 128 ಪೋರ್ಟಿನ ಸ್ವಯಂಚಾಲಿತ ಎಕ್ಸ್‌ಚೇಂಜ್‌ ಮೊದಲು ಕೂತದ್ದು ಅಲ್ಲಿ, 1986ರಲ್ಲಿ. ವಿದೇಶಿ ಎಕ್ಸ್‌ಚೇಂಜ್‌ಗಳಿಗೆ ಎಸಿ ಕೋಣೆ ಬೇಕಿತ್ತು, ಇದು ನಮ್ಮ ಧೂಳು-ಬಿಸಿಲಿಗೇ ಮಾಡಿದ್ದು. ಆಮೇಲೆ ಬಂದ ಹಳದಿ ಬೋರ್ಡಿನ ಎಸ್‌ಟಿಡಿ ಬೂತ್‌ಗಳನ್ನ ನಾನೂ ನೋಡೀನಿ, ಚಿಕ್ಕವನಿದ್ದಾಗ. ಸಾರ್ವಜನಿಕರಿಗೆ ಇಂಟರ್ನೆಟ್ ಬಂದದ್ದು 1995ರ ಆಗಸ್ಟ್ 15ಕ್ಕೆ, ವಿಎಸ್‌ಎನ್‌ಎಲ್‌ನಿಂದ. ಅಷ್ಟೊತ್ತಿಗೆ ಮಾಮಾನ ಕಂಪ್ಯೂಟರ್ ಮೂಲೆ ಸೇರಿತ್ತು.

ನಾನು ಬೆಂಗಳೂರಿನ ಎಸ್‌.ಪಿ. ರಸ್ತೆಯಿಂದ ಎರಡು ಹಳೇ ಮೋಡೆಮ್ ತಂದಿದ್ದೆ. ಒಂದು ಬಿಬಿಸಿ ಮೈಕ್ರೋಗೆ, ಇನ್ನೊಂದು ನನ್ನ ಲ್ಯಾಪ್‌ಟಾಪಿಗೆ. ಮನೆಯಲ್ಲಿ ಲ್ಯಾಂಡ್‌ಲೈನ್ ಈಗಿಲ್ಲ, ಅದಕ್ಕೆ ನಡುವೆ ಬರೀ ಫೋನ್ ವೈರು, ಅದರಲ್ಲಿ ಒಂದು 9 ವೋಲ್ಟ್ ಬ್ಯಾಟರಿ. ಎಕ್ಸ್‌ಚೇಂಜ್ ಇದೆ ಅಂತ ಮೋಡೆಮ್‌ಗಳಿಗೆ ನಂಬಿಸೋ ಉಪಾಯ. ಎರಡು ತಾಸು ಏನೂ ಬರಲಿಲ್ಲ. ಕಾರಣ ನನ್ನ ಗ್ರಹಚಾರ: ಬಿಬಿಸಿ ಮೈಕ್ರೋ ಹಿಂದಿನ ಐದು ಪಿನ್ನಿನ ಸಾಕೆಟ್ಟಿಗೆ ಪ್ಲಗ್ ನೇರ ಹಾಕಿದ್ರೂ ಕೂರುತ್ತೆ, ತಲೆಕೆಳಗು ಹಾಕಿದ್ರೂ ಕೂರುತ್ತೆ. ತಿರುಗಿಸಿ ಹಾಕಿದ ಮೇಲೆ ಆ ಹಳೇ ಕೀರಲು ಹಾಡು ಶುರುವಾಯ್ತು. ಮಾಮಾ ಒತ್ತಿದ ಅಕ್ಷರಗಳು ನನ್ನ ಪರದೆಯಲ್ಲಿ ಒಂದೊಂದಾಗಿ ಬಂದವು. ಪ್ರೆಸ್ಟೆಲ್ ಕಾಲದಲ್ಲಿ ಪುಟ ಬರುತ್ತಿದ್ದ ವೇಗ 1200 ಬಾಡ್, ಅಂದ್ರೆ ಸೆಕೆಂಡಿಗೆ ಸುಮಾರು 120 ಅಕ್ಷರ. 100 ಕೆಬಿಯ ಒಂದು ಫೋಟೋಗೆ ಕಾಲು ಗಂಟೆ ಹತ್ತಿರ ಕಾಯಬೇಕು.

ಆದರೆ ಗಮನಿಸಿ, ಅಲ್ಲೂ ಅದೇ ತೊಡಕು. ಪ್ರೆಸ್ಟೆಲ್‌ನ ತಂತಿಯಲ್ಲಿ ಒಂದು ಅಕ್ಷರಕ್ಕೆ 7 ಬಿಟ್ ಮಾತ್ರ, ಒಟ್ಟು 128 ಸಂಕೇತ. ಇಂಗ್ಲಿಷ್, ಅಂಕಿ, ಒಂದಷ್ಟು ಚಿಹ್ನೆ ಹಾಕೋಷ್ಟರಲ್ಲಿ ಬಸ್ ಫುಲ್. ಎಸ್‌ಎಂಎಸ್ ಕಾಲದಲ್ಲೂ ಇಂಗ್ಲಿಷಿನಲ್ಲಾದರೆ 160 ಅಕ್ಷರ, ಕನ್ನಡದಲ್ಲಾದರೆ 70. ‘ನಾನು ಆಮೇಲೆ ಬರ್ತೀನಿ’ ಅಂತ ಕಂಗ್ಲಿಷಿನಲ್ಲಿ ಹೊಡೆಯೋ ಅಭ್ಯಾಸ ನಮಗೆ ಬರೀ ಸೋಮಾರಿತನದಿಂದ ಬಂದಿಲ್ಲ.

ನಮ್ಮ ಹಳ್ಳಿಯವರ ಕೈಗೆ ಕಂಪ್ಯೂಟರಿನಿಂದ ಹೊರಬಂದ ಕನ್ನಡದ ಕಾಗದ ದೊಡ್ಡ ಪ್ರಮಾಣದಲ್ಲಿ ಬಂದದ್ದು ಯಾವಾಗ? ನನಗೆ ಅನಿಸೋದು, 2001ರ ಹೊತ್ತಿಗೆ, ‘ಭೂಮಿ’ಯಿಂದ. ರಾಜ್ಯದ ಸುಮಾರು 2 ಕೋಟಿ ಪಹಣಿಗಳು ಕಂಪ್ಯೂಟರಿಗೆ ಹೋದವು, ತಾಲ್ಲೂಕು ಕಚೇರಿಯಲ್ಲಿ 15 ರೂಪಾಯಿ ಕೊಟ್ಟರೆ ಪ್ರಿಂಟ್, ಕೈಬರಹದ ಪಹಣಿಗೆ ಮಾನ್ಯತೆ ಹೋಯ್ತು. ಭೂಮಿಯಲ್ಲಿ ತಪ್ಪುಗಳೂ ಇದ್ದವು, ಹೆಸರು ತಿದ್ದಿಸೋಕೆ ಅಲೆದವರು ಎಲ್ಲ ಊರಲ್ಲೂ ಸಿಗ್ತಾರೆ. ಆದರೂ ಕನ್ನಡ ಓದೋಕೆ ಬರೋ ರೈತ ತನ್ನ ಕಾಗದವನ್ನ ತಾನೇ ಓದಬಹುದಿತ್ತು, ತಪ್ಪಿದ್ದರೆ ತಪ್ಪು ಅಂತ ತಾನೇ ಹೇಳಬಹುದಿತ್ತು.

ಕೊನೇ ದಿನ ಸಂಜೆ ಪ್ರೋಗ್ರಾಮ್ ತಿದ್ದಿದೆ. ಗ್ರಾಫ್ ಪುಸ್ತಕದಿಂದ ಮಾಮಾ ಸಂಖ್ಯೆ ಓದ್ತಾ ಹೋದ್ರು, ನಾನು ಟೈಪ್ ಮಾಡ್ತಾ ಹೋದೆ. ನಡುವೆ ಒಂದು ಸಲ ಕರೆಂಟ್ ಹೋಗಿ ಎಲ್ಲ ಅಳಿಸಿತು, ಮತ್ತೆ ಮೊದಲಿಂದ. ಅಡತಿ ಅಂಗಡಿಯವರು ಕೊಟ್ಟ ಕಾರ್ಬನ್ ಇಟ್ಟ ಕಾಗದ ಹಾಕಿದ್ವಿ. ಝುರ್ರ್. ಗುಡಿಸುಗಳ ಸಾಲು ಬಂತು. ಝುರ್ರ್. ಅಕ್ಷರದ ಹೊಟ್ಟೆ. ಝುರ್ರ್. ಒತ್ತು. ನೀವು ಶುರುವಿನಲ್ಲಿ ಕೇಳಿದ್ದು ಈ ಮೂರು ಝುರ್ರ್.

ಮಾಮಾ ಕಾಗದ ಹರಿದುಕೊಂಡು ಬಾಗಿಲ ಬೆಳಕಿಗೆ ಹಿಡಿದ್ರು. ಕಾರ್ಬನ್ ಪ್ರತಿಯನ್ನ ನಾಲ್ಕು ಮಡಿಕೆ ಮಾಡಿ ಅಂಗಿ ಕಿಸೆಗೆ ಹಾಕ್ಕೊಂಡ್ರು. “ಆಕೀನ್ನ ಹುಡುಕೋಣೇನ್ರಿ ಮಾಮಾ?” ಅಂದೆ. “ಬ್ಯಾಡಪಾ. ಆಕಿಗಿ ಈಗ ಮೊಮ್ಮಕ್ಕಳಿರ್ತಾವ,” ಅಂದ್ರು. ಮೂಲ ಪ್ರತಿಯನ್ನ ಮತ್ತೊಮ್ಮೆ ನೋಡಿದ್ರು.

“ಅರ್ಕಾವತ್ತು ಒಂದ್ ಚುಕ್ಕಿ ಬಲಕ್ಕ ಸರದದ ನೋಡು ತಮ್ಮಾ. ಸರಿ ಮಾಡಿ ಇನ್ನೊಂದ್ ಸಲ ಹೊಡಿ.”